ಎಡಗಡೆ ಸೀಟು

ಫೆಬ್ರವರಿ 2, ಸೋಮವಾರ

ಲ್ಯಾಬಿನಲ್ಲಿ ಬೆಳಿಗ್ಗೆಯಿಂದ ಬರೀ ಈಜುಕೊಳದ ನೀರಿನ ಪರೀಕ್ಷೆ. ಕ್ಲಬ್ಬಿನ ಸ್ಯಾಂಪಲ್ ಈ ಸಲವೂ ಫೇಲ್. ಮ್ಯಾನೇಜರ್ ಲ್ಯಾಬಿಗೇ ಫೋನ್ ಮಾಡಿ, "ಮೇಡಂ, ಸ್ವಲ್ಪ ನೋಡಿ ಪಾಸು ಮಾಡಿ" ಎಂದ. ನೋಡಿಯೇ ಫೇಲ್ ಮಾಡಿದ್ದು ಎಂದೆ. ಸುತ್ತ ಇದ್ದವರೆಲ್ಲ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಸಂಜೆ ಮನೆಗೆ ಬಂದರೆ ನಮ್ಮ ಕಾರಿನ ಎಡಗಡೆ ಕನ್ನಡಿ ಮತ್ತೆ ಜೋತು ಬಿದ್ದಿದೆ. "ಯಾವನೋ ಲಾರಿಯವನು ಸವರಿಕೊಂಡು ಹೋದ" ಎಂದರು ಇವರು. ಕಳೆದ ಸಲ ಹಾಲಿನ ವ್ಯಾನು. ಊರಿನ ಗಾಡಿಗಳಿಗೆಲ್ಲ ನಮ್ಮ ಎಡಗನ್ನಡಿಯ ಮೇಲೇ ಕಣ್ಣು.

ಊಟಕ್ಕೆ ಕೂತಾಗ ಫೋನು ನನ್ನ ತಟ್ಟೆಯ ಪಕ್ಕಕ್ಕೆ ತಳ್ಳಿದರು. ಕಡುನೀಲಿ ಬಣ್ಣದ ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡ್. ನೆಲಕ್ಕೆ ಅಂಟಿಕೊಂಡ ಹಾಗಿದೆ. ಎರಡೇ ಸೀಟು.

"ಇದನ್ನ ತಗೊಂಡು ಏನು ಮಾಡ್ತೀರಿ?"

"ಓಡಿಸ್ತೀನಿ."

"ಎಲ್ಲಿಗೆ?"

"ನೋಡು, ಲಿಫ್ಟ್ ಕಂಪನಿ ಸೇರಿದಾಗಿನಿಂದ ಮೇಲೆ ಕೆಳಗೆ ಹೋಗಿದ್ದೇ ಆಯ್ತು. ಇನ್ನಾದ್ರೂ ಸ್ವಲ್ಪ ಮುಂದಕ್ಕೆ ಹೋಗೋಣ ಅಂತ."

ನಗು ಬಂತು. ತೋರಿಸಿಕೊಳ್ಳಲಿಲ್ಲ. ಎರಡು ಸೀಟಿನಲ್ಲಿ ಇನ್ನೊಂದು ಯಾರಿಗೆ ಎಂದೆ. "ನಿನ್ನ ಬಿಟ್ಟು ಇನ್ಯಾರು ಕೂರ್ತಾರೆ ನನ್ನ ಪಕ್ಕ? ಎಡಗಡೆ ಸೀಟು ನಿಂದೇ, ಬರೆದು ಕೊಡ್ಲಾ?" ಎಂದರು. ಅಷ್ಟು ಹೇಳಿ, ಧೂಳಿನ ಅಲರ್ಜಿಗೆ ಹಾಕಿಕೊಳ್ಳುವ ಡ್ರಾಪ್ಸ್ ಹುಡುಕಿಕೊಂಡು ಒಳಗೆ ಹೋದರು.

ಸುಮ್ಮನಾಗುತ್ತಾರೆ ಬಿಡು ಎಂದುಕೊಂಡೆ. ಹಿಂದೆ ದೂರದರ್ಶಕ ಕೊಳ್ಳುವ ಹುಚ್ಚೂ ಹೀಗೇ ಶುರುವಾಗಿ ಹೀಗೇ ಮುಗಿದಿತ್ತು.


ಫೆಬ್ರವರಿ 4, ಬುಧವಾರ

ಸುಮ್ಮನಾಗಲಿಲ್ಲ. ಇವತ್ತು ಗಾಡಿ ನೋಡಿ ಬಂದೆವು.

ಮಾರುವವರು ವಕೀಲರು. ದೊಡ್ಡ ಕಾಂಪೌಂಡು, ಹಿಂದೆ ಶೆಡ್ಡು. ಶೆಡ್ಡಿನಲ್ಲಿ ಬೂದು ಬಟ್ಟೆ ಹೊದ್ದು ಮಲಗಿತ್ತು. ವಕೀಲರು ಒಂದು ತುದಿ ಹಿಡಿದರು, ಇವರು ಇನ್ನೊಂದು ತುದಿ. ಹಾಸಿಗೆಯ ಚಾದರ ಮಡಿಸುವ ಹಾಗೆ ಇಬ್ಬರೂ ಸೇರಿ ಮಡಿಸಿದರು. ಮನೆಯಲ್ಲಿ ಒಂದು ದಿನವೂ ಚಾದರ ಮಡಿಸಿದವರಲ್ಲ ಇವರು.

ಒಳಗೆ ಕೂರುವುದು ಅಂದರೆ ಕೂರುವುದಲ್ಲ, ಬೀಳುವುದು. ಏಳುವುದಕ್ಕೆ ಇವರು ಕೈ ಕೊಡಬೇಕಾಯಿತು.

"ಆಕ್ಸಿಡೆಂಟ್ ಏನಾದ್ರೂ ಆಗಿದ್ಯಾ?" ಎಂದೆ.

"ನನ್ನ ಕೈಯಲ್ಲಿ ಆಗಿಲ್ಲ" ಎಂದರು ವಕೀಲರು.

"ನಿಮಗಿಂತ ಮೊದಲು?"

"ಮೊದಲಿನವರನ್ನ ನಾನು ಆ ಪ್ರಶ್ನೆ ಕೇಳಿಲ್ಲ."

"ಇಂಜಿನ್ ಯಾವತ್ತಾದ್ರೂ ಬಿಚ್ಚಿಸಿದ್ರಾ?"

"ಬಿಚ್ಚಿಸೋ ಪ್ರಸಂಗ ಬಂದಿಲ್ಲ ಅಂತ ನನ್ನ ತಿಳುವಳಿಕೆ."

ಒಂದೊಂದು ಉತ್ತರವೂ ಸರಿ. ಒಂದೂ ಸಾಲದು.

ಇವರು ಆಗಲೇ ಕರಗಿ ಹೋಗಿದ್ದರು. ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು, ಗೋಡೆಯನ್ನೇ ರಸ್ತೆ ಎನ್ನುವ ಹಾಗೆ ನೋಡುತ್ತಿದ್ದರು. ಅಂಥ ಮುಖ ನೋಡಿ ಬಹಳ ಕಾಲವಾಗಿತ್ತು. ಅದಕ್ಕೇ ಅಲ್ಲಿ ಬೇಡ ಎನ್ನಲಾಗಲಿಲ್ಲ.

ವಾಪಸು ಬರುವಾಗ ಷರತ್ತು ಹಾಕಿದೆ. "ಮೂರನೆಯವರು ಒಬ್ಬರು ನೋಡ್ಬೇಕು. ವಕೀಲರ ಕಡೆಯವರೂ ಬೇಡ, ನಿಮ್ಮ ಗ್ಯಾರೇಜಿನವನೂ ಬೇಡ. ಅವರನ್ನ ನಾನೇ ಹುಡುಕ್ತೀನಿ. ಗಾಡಿ ಚೆನ್ನಾಗಿದೆ ಅಂದ್ರೆ ನಾನು ಮತ್ತೆ ಬಾಯಿ ತೆಗೆಯಲ್ಲ. ಬೇಡ ಅಂದ್ರೆ ನೀವು ತೆಗೀಬಾರದು."

ಸಿಗ್ನಲ್ಲಿನಲ್ಲಿ ಕೈ ಚಾಚಿದರು. ಕೈ ಕುಲುಕಿದೆವು, ಯಾವುದೋ ಎರಡು ಕಂಪನಿಯವರ ಹಾಗೆ.

ಬೇಡ ಅನ್ನಲಿ ಎಂದೇ ನನ್ನ ಆಸೆ. ಇವರ ಡ್ರೈವಿಂಗ್ ಮೊದಲಿನ ಹಾಗಿಲ್ಲ. ತಟಕ್ಕನೆ ಬ್ರೇಕು, ತಟಕ್ಕನೆ ಸ್ಟಿಯರಿಂಗು. ವಯಸ್ಸು, ಅವಸರ. ಇಂಥವರ ಕೈಗೆ ಅಂಥ ಗಾಡಿ...


ಫೆಬ್ರವರಿ 7, ಶನಿವಾರ

ಸಿಕ್ಕರು. ಹೆಂಗಸು. ಲ್ಯಾಬಿನ ಸಹೋದ್ಯೋಗಿಯ ತಮ್ಮ ಗಾಡಿ ಕೊಂಡಾಗ ಇವರೇ ನೋಡಿಕೊಟ್ಟರಂತೆ. ಇನ್ಶೂರೆನ್ಸ್ ಕಂಪನಿಯಲ್ಲಿ ಸರ್ವೇಯರ್ ಆಗಿದ್ದವರು — ಗುದ್ದಿಸಿಕೊಂಡ ಗಾಡಿಗಳನ್ನು ನೋಡಿ ಎಷ್ಟು ಹಾಳಾಗಿದೆ ಎಂದು ಹೇಳುವ ಕೆಲಸ. ಈಗ ಸ್ವಂತಕ್ಕೆ ಮಾಡುತ್ತಾರೆ. ಫೋನಿನಲ್ಲಿ ನಮಸ್ಕಾರಕ್ಕಿಂತ ಮೊದಲು ನಿಯಮಗಳು.

"ಇಂಜಿನ್ ತಣ್ಣಗಿರಬೇಕು. ಬೆಳಿಗ್ಗೆಯಿಂದ ಯಾರೂ ಸ್ಟಾರ್ಟ್ ಮಾಡಿರಬಾರದು. ಬಿಸಿ ಇಂಜಿನ್ ಎಲ್ಲರ ಹತ್ರನೂ ಚೆನ್ನಾಗೇ ಮಾತಾಡುತ್ತೆ."

"ಸರಿ."

"ನಾನು ನೋಡೋವಾಗ ಯಾರೂ ವಿವರಣೆ ಕೊಡಬಾರದು. ನಾನು ಓಡಿಸಿದ ಮೇಲೆ, ಮುಂದೆ ಯಾರು ಓಡಿಸ್ತಾರೋ ಅವರೂ ಓಡಿಸ್ಬೇಕು. ನಾನು ಪಕ್ಕದಲ್ಲಿ ಕೂರ್ತೀನಿ. ಗಾಡಿ ಚೆನ್ನಾಗಿದ್ದು ಓಡಿಸೋರಿಗೆ ಹೊಂದದೇ ಇದ್ರೆ ಏನು ಪ್ರಯೋಜನ?"

"ರಿಪೋರ್ಟು...?"

"ಬರೆದು ಕೊಡಲ್ಲ. ಬರೆದದ್ದನ್ನ ಜನ ತಮಗೆ ಬೇಕಾದ ಹಾಗೆ ಓದ್ಕೋತಾರೆ. ಯಾರು ಕರೆಸಿದ್ರೋ ಅವರಿಗೆ ಫೋನಲ್ಲಿ ಹೇಳ್ತೀನಿ. ಅವರೊಬ್ಬರಿಗೇ."

ಈ ಹೆಂಗಸು ನನಗೆ ಹಿಡಿಸಿದರು.

ಇವರಿಗೆ ಹೇಳಿದೆ. "ಸರ್ವೇಯರಮ್ಮನಾ? ಗಾಡಿನ ಟೇಪಲ್ಲಿ ಅಳೆದು ಕಲ್ಲು ನೆಟ್ಟು ಹೋಗ್ತಾರಾ?" ಎಂದು ಒಬ್ಬರೇ ನಕ್ಕರು. ಆಮೇಲೆ, "ನಾನೂ ಓಡಿಸ್ಬೇಕಂತಾ?" ಎಂದು ಕೇಳಿದರು. ಎರಡು ಸಲ ಕೇಳಿದರು.


ಫೆಬ್ರವರಿ 11, ಬುಧವಾರ

ವಕೀಲರ ಫೋನು. ಇನ್ನೊಬ್ಬರು ಗಿರಾಕಿ ಬಂದಿದ್ದಾರಂತೆ. ಶನಿವಾರದವರೆಗೆ ಮಾತ್ರ ತಡೆದಿಡುತ್ತಾರಂತೆ. ಇವರು ಬೋನಿಗೆ ಬಿದ್ದವರ ಹಾಗೆ ಹಾಲಿನ ತುಂಬ ಓಡಾಡಿದರು. ಓಡಾಡುವಾಗ ಎಡಕ್ಕಿದ್ದ ಬೆತ್ತದ ಮೋಡಾ ಎಡವಿ, ಮೋಡಾಕ್ಕೇ ಬೈದರು.

ಅತ್ತಿಗೆ ಬಂದಿದ್ದರು. ಇವರ ಅಕ್ಕ, ಎರಡು ಬೀದಿ ಆಚೆ ಮನೆ. ಫೋಟೋ ನೋಡಿ, "ಇದೇನೋ ಇದು, ಯಾರೋ ಮೇಲೆ ಕೂತು ಚಪ್ಪಟೆ ಮಾಡಿದ ಹಾಗಿದೆ?" ಎಂದರು.

"ಅಕ್ಕ, ನಿಂಗೆ ಗೊತ್ತಾಗಲ್ಲ ಬಿಡು."

"ಗೊತ್ತಾಗಲ್ಲ, ಸರಿ. ಮೋಡಾ ಗೊತ್ತಾಗದೇ ಇರೋವನು ನೀನು. ಅಪ್ಪನೂ ಕೊನೆಕೊನೆಗೆ ಹೀಗೇ, ಕಂಡಕಂಡದ್ದಕ್ಕೆಲ್ಲ ಗುದ್ದಿಕೊಂಡು ಓಡಾಡ್ತಿದ್ರು."

ಇವರು ನಗಲಿಲ್ಲ. "ಅಪ್ಪನ ವಿಷಯ ಈಗ್ಯಾಕೆ?" ಎಂದು ಒಳಗೆ ಹೋದರು. ಅತ್ತಿಗೆ ನನ್ನ ಮುಖ ನೋಡಿದರು. ನಾನು ಕಾಫಿ ಲೋಟ ಎತ್ತಿಕೊಂಡೆ.

ಓದುತ್ತಿರುವ ಅನುವಾದದ ಕಾದಂಬರಿ ಅರ್ಧಕ್ಕೆ ಬಂದಿದೆ. ಅದರಲ್ಲಿ ಹೆಂಡತಿಗೆ ವಿಷಯ ಗೊತ್ತು. ಗಂಡನಿಗೂ ಗೊತ್ತು. ಇಬ್ಬರೂ ಹಿಮದ ಬಗ್ಗೆ ಮಾತಾಡುತ್ತಾರೆ, ಪುಟಗಟ್ಟಲೆ. ಅನುವಾದಕರ ತಪ್ಪೋ, ಅಲ್ಲಿಯ ಜನವೇ ಹಾಗೋ. ಒಂದು ಮಾತು ಆಡಿದ್ದರೆ ಇಡೀ ಅಧ್ಯಾಯವೇ ಬೇಕಿರಲಿಲ್ಲ.


ಫೆಬ್ರವರಿ 14, ಶನಿವಾರ — ಮಧ್ಯಾಹ್ನ

ಈಗಷ್ಟೇ ಬಂದೆವು. ಮರೆಯುವ ಮೊದಲು ಬರೆಯುತ್ತೇನೆ.

ವಕೀಲರ ಮನೆಯ ಮುಂದೆ ಸರ್ವೇಯರ್ ನಮ್ಮ ಕಾರಿನ ಹಿಂದೆಯೇ ತಮ್ಮ ಗಾಡಿ ನಿಲ್ಲಿಸಿದರು. ಗಿಡ್ಡ ಕೂದಲು, ಬಾಯಲ್ಲಿ ಪೆಪ್ಪರ್‌ಮಿಂಟು. ಮೊದಲು ನಮ್ಮ ಕಾರಿನ ಸುತ್ತ ಒಂದು ಸುತ್ತು ಬಂದರು. "ಅದಲ್ಲ, ಒಳಗಿರೋದು" ಎಂದರು ಇವರು. "ಗೊತ್ತು" ಎಂದರು ಅವರು.

ಶೆಡ್ಡಿನಲ್ಲಿ ಬಟ್ಟೆ ತೆಗೆದ ಕೂಡಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಜ್ವರ ನೋಡುವ ಹಾಗೆ. ಕೈ ತೆಗೆಯಲಿಲ್ಲ.

"ಯಾರು ಸ್ಟಾರ್ಟ್ ಮಾಡಿದ್ದು?"

ವಕೀಲರು ಕೆಮ್ಮಿದರು. "ನಾನು ಮಾಡಿಲ್ಲ."

"ನೀವಾ ಅಂತ ಕೇಳಲಿಲ್ಲ. ಯಾರು ಅಂತ ಕೇಳಿದೆ."

"...ಡ್ರೈವರ್. ಶೆಡ್ಡು ಗುಡಿಸೋಕೆ ಆಚೆ ತೆಗೆದಿರಬಹುದು."

"ಹಾಗಾದ್ರೆ ತಣ್ಣಗಾಗೋವರೆಗೂ ಕಾಯ್ತೀನಿ" ಎಂದು ಕಲ್ಲಿನ ಕಟ್ಟೆಯ ಮೇಲೆ ಕೂತೇ ಬಿಟ್ಟರು. ವಕೀಲರ ಹೆಂಡತಿ ಕಾಫಿ ಕಳಿಸಿದರು, ಮುಟ್ಟಲಿಲ್ಲ. ನನಗೆ ಒಳಗೊಳಗೇ ಖುಷಿ. ಬಿಸಿ ಮಾಡಿಟ್ಟಿದ್ದಾರೆ ಅಂದರೆ ಏನೋ ಇದೆ. ಇದೆ, ಇದೆ.

ಬಿಸಿಲು ಶೆಡ್ಡಿನ ಬಾಗಿಲು ದಾಟಿದ ಮೇಲೆ ಎದ್ದರು. ಸ್ಟಾರ್ಟ್ ಮಾಡಿಸಿ ಹಿಂದೆ ನಿಂತು ಹೊಗೆ ನೋಡಿದರು. ಕಣ್ಣು ಮುಚ್ಚಿ ಕೇಳಿದರು. ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವನ್ನು ಮೈ ತುಂಬ ಒತ್ತಿ ನೋಡಿದರು. ಮೇಲೆ ಬಣ್ಣ ಹೊಡೆದು ಮುಚ್ಚಿದ್ದರೆ ಅದರಲ್ಲಿ ಗೊತ್ತಾಗುತ್ತದಂತೆ. ಕೆಳಗೆ ಚಾಪೆ ಹಾಸಿ ಮಲಗಿ ಟಾರ್ಚು ಬಿಟ್ಟರು. ಗಾಜಿನ ಮೂಲೆಯ ಅಂಕಿಗಳನ್ನೂ ಸೀಟ್ ಬೆಲ್ಟಿನ ಬುಡದ ಚೀಟಿಯನ್ನೂ ಓದಿದರು. ಗಾಡಿ ಹುಟ್ಟಿದ ವರ್ಷವೂ ಅವುಗಳ ವರ್ಷವೂ ಒಂದೇ ಇರಬೇಕಂತೆ.

ಸ್ಯಾಂಪಲ್ಲನ್ನು ಅವರು ಬೆಳಕಿಗೆ ಹಿಡಿದ ಹಾಗೆ ಅನಿಸಿತು. ನಾನು ಹಿಡಿಯುವ ಹಾಗೆಯೇ. ಒಂದು ಗೆರೆ ಬದಲಾಗಲಿಲ್ಲ ಮುಖದಲ್ಲಿ.

ಅವರು ಓಡಿಸಿ ಬಂದರು. ಆಮೇಲೆ ಇವರ ಸರದಿ. "ಚಪ್ಪಲಿ ಬಿಚ್ಚಿ. ಈ ಪೆಡಲಿಗೆ ಚಪ್ಪಲಿ ಆಗಲ್ಲ, ಶೂ ಹಾಕ್ಕೊಳ್ಳಿ" ಎಂದರು. ಶೂ ತಂದಿರಲಿಲ್ಲ. ವಕೀಲರ ಶೂ ಹಾಕಿಕೊಂಡು, ಸ್ಕೂಲಿಗೆ ಹೊರಟ ಮಗುವಿನ ಹಾಗೆ ಹೋದರು.

ಬಹಳ ಬೇಗ ವಾಪಸು ಬಂದರು. ಸರ್ವೇಯರ್ ಓಡಿಸಿಕೊಂಡು ಬಂದರು. ಇವರು ಎಡಗಡೆ ಸೀಟಿನಲ್ಲಿದ್ದರು.

"ಯಾಕೆ?" ಎಂದೆ.

"ಕ್ಲಚ್ ಸ್ವಲ್ಪ ಗಟ್ಟಿ, ಕಾಲು ನೋವು" ಎಂದರು ಇವರು. ಲೇಸು ಬಿಚ್ಚದೆಯೇ ಶೂ ಕಿತ್ತು ತೆಗೆದರು.

ಸರ್ವೇಯರ್ ಇನ್ನೊಂದು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡರು. "ಸಂಜೆ ಫೋನ್ ಮಾಡ್ತೀನಿ" ಎಂದರು, ನನಗೆ ಮಾತ್ರ.


ಫೆಬ್ರವರಿ 14 — ಸಂಜೆ, ಆರರ ಮೇಲೆ

ಟೆರೇಸಿಗೆ ಹೋಗಿ ಮಾತಾಡಿದೆ. ಒಣಗಿದ ಬಟ್ಟೆ ತೆಗೆಯುವ ನೆಪ.

"ಗಾಡಿ ಚೆನ್ನಾಗಿದೆ" ಎಂದರು. "ಬಿಸಿ ಮಾಡಿಟ್ಟಿದ್ದು ಬರೀ ಭಯಕ್ಕೆ, ಮುಚ್ಚಿಡೋಕೆ ಏನೂ ಇರಲಿಲ್ಲ. ಹಿಂದಿನ ಟೈರು ಹಳೇವು, ಬದಲಾಯಿಸಿ. ಬಾಗಿಲಿಗೆ ಒಂದು ಸಲ ಬಣ್ಣ ಹೊಡೆದಿದ್ದಾರೆ, ಗೀರಿಗೆ. ಗುದ್ದಿಗಲ್ಲ. ನಾನಾಗಿದ್ರೆ ತಗೋತಿದ್ದೆ."

ಕೈಯಲ್ಲಿದ್ದ ಟವೆಲ್ಲನ್ನು ಮತ್ತೆ ತಂತಿಯ ಮೇಲೆ ಹಾಕಿದೆ.

"ಇನ್ನೊಂದು ಮಾತಿದೆ. ಗಾಡಿದಲ್ಲ."

"ಹೇಳಿ."

"ನಿಮ್ಮ ಯಜಮಾನರಿಗೆ ಎಡಗಡೆ ಕಾಣಿಸ್ತಿಲ್ಲ."

ಕನ್ನಡಕ ಹೋದ ವರ್ಷವಷ್ಟೇ ಬದಲಾಯಿಸಿದ್ದು ಎಂದೆ. ಎಂಥ ಪೆದ್ದು ಮಾತು.

"ಎದುರಿಗಿರೋದು ಚೆನ್ನಾಗಿ ಕಾಣುತ್ತೆ. ದೂರದ ಬೋರ್ಡ್ ನನಗಿಂತ ಮೊದಲು ಓದಿದ್ರು. ಪಕ್ಕದ್ದು ಇಲ್ಲ. ಎಡಗಡೆಯಿಂದ ಸೈಕಲ್ಲಲ್ಲಿ ಒಬ್ಬಳು ಹುಡುಗಿ ಬಂದ್ಲು. ಬ್ರೇಕ್ ಅಂತ ಕೂಗಿದೆ. ಹಾಕಿದ್ರು. ಯಾಕೆ ಕೂಗಿದ್ರಿ ಅಂತ ನನ್ನನ್ನೇ ಕೇಳಿದ್ರು. ಆ ಹುಡುಗಿ ಅಷ್ಟೊತ್ತಿಗೆ ಕಿಟಕಿ ಪಕ್ಕ ನಿಂತು ನಮ್ಮನ್ನ ಬೈಯ್ತಿದ್ಲು. ಬೈಗುಳ ಕೇಳಿದ ಮೇಲೆ ತಲೆ ತಿರುಗಿಸಿದ್ರು."

ತಂತಿಯ ಮೇಲಿನ ಟವೆಲ್ಲನ್ನು ಮತ್ತೆ ತೆಗೆದೆ.

"ಒಂದೇ ಪಕ್ಕಕ್ಕೆ ಸಣ್ಣ ಸಣ್ಣ ಗೀರು ಇರೋ ಗಾಡಿ ಬಂದ್ರೆ ನಾನು ಗಾಡಿಗಿಂತ ಮೊದಲು ಓನರ್ ಕಣ್ಣು ನೋಡ್ತಿದ್ದೆ. ನಿಮ್ಮ ಮನೆ ಗಾಡಿನ ಬೆಳಿಗ್ಗೆ ನೋಡಿದೆನಲ್ಲ. ಅವರನ್ನ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಅಲ್ಲೀವರೆಗೂ ಯಾವ ಗಾಡಿನೂ ಕೊಡಬೇಡಿ. ಹಳೇದೂ ಬೇಡ, ಹೊಸದೂ ಬೇಡ."

ಕನ್ನಡಿ. ಹಾಲಿನ ವ್ಯಾನು. ಮೋಡಾ. ಎಲ್ಲ ಇಲ್ಲೇ ಬರೆದಿದ್ದೇನೆ, ನನ್ನ ಕೈಯಾರೆ.

ಕೆಳಗೆ ಇಳಿದು ಬಂದಾಗ ಟೀವಿ ಹಾಕಿಕೊಂಡಿದ್ದರು. ನೋಡುತ್ತಿರಲಿಲ್ಲ. "ಏನಂತೆ?" ಎಂದು ಕೇಳಲೂ ಇಲ್ಲ. ನನ್ನ ಮುಖ ನೋಡಿದರು.

ಹೇಳಿದೆ. ಚಾಸಿ, ಗಾಡಿಯ ಬೆನ್ನೆಲುಬೇ, ಬಾಗಿದೆಯಂತೆ. ಮುಂಭಾಗದಲ್ಲಿ ಒಮ್ಮೆ ಜೋರಾಗಿ ಗುದ್ದಿಸಿಕೊಂಡಿದೆಯಂತೆ. ಒಳಗೆ ವೆಲ್ಡ್ ಮಾಡಿ ಮುಚ್ಚಿದ್ದಾರಂತೆ.

ಇಷ್ಟು ಸಲೀಸಾಗಿ ಬಂತು ಮಾತು.

"ಹೌದಾ" ಎಂದರು. ಟೀವಿಯ ಸದ್ದು ಕಡಿಮೆ ಮಾಡಿ, "ಬೇರೆ ಏನೂ ಹೇಳಲಿಲ್ವಾ ಅವರು?"

"ಇಲ್ಲ."

"ಸರಿ ಹಾಗಾದ್ರೆ. ಷರತ್ತು ಅಂದ್ರೆ ಷರತ್ತು."

ಫೇಲ್ ಆದ ನೀರನ್ನು ಪಾಸು ಎಂದು ಯಾವತ್ತೂ ಬರೆದವಳಲ್ಲ ನಾನು. ಪಾಸಾದದ್ದನ್ನು ಫೇಲ್ ಅಂದದ್ದು ಇದೇ ಮೊದಲು.


ಫೆಬ್ರವರಿ 16, ಸೋಮವಾರ

ಡ್ರಾಪ್ಸ್ ಬಾಟಲಿ. ನಿನ್ನೆ ಇಡೀ ದಿನ ತಲೆಯಲ್ಲಿ ಅದೇ. ಇವತ್ತು ಚೀಲಕ್ಕೆ ಹಾಕಿಕೊಂಡು ಲ್ಯಾಬಿಗೆ ಹೋಗುವ ದಾರಿಯಲ್ಲಿ ಮೆಡಿಕಲ್ ಶಾಪಿನಲ್ಲಿ ತೋರಿಸಿದೆ. ಅಲರ್ಜಿದಾ ಎಂದು ಕೇಳಿದೆ.

"ಅಲ್ಲ ಮೇಡಂ, ಗ್ಲಾಕೋಮಾದು. ಕಣ್ಣಿನೊಳಗೆ ಪ್ರೆಷರ್ ಜಾಸ್ತಿ ಇರೋರಿಗೆ" ಎಂದಳು ಕೌಂಟರಿನ ಹೆಂಗಸು. "ನಿಮ್ಮ ಮನೆಯವರೇ ಬಂದು ತಗೊಂಡು ಹೋಗ್ತಾರಲ್ಲ. ಒಂದು ವರ್ಷ ಆಯ್ತೇನೋ. ಬಿಡದ ಹಾಗೆ ಹಾಕ್ಕೊಳ್ಳೋಕೆ ಹೇಳಿ. ಇರೋ ದೃಷ್ಟಿ ಉಳಿಸೋಕೆ ಇದು. ಹೋಗಿರೋದು ವಾಪಸು ಬರಲ್ಲ."

ಒಂದು ವರ್ಷ. ಇವರಿಗೆ ಗೊತ್ತು.

ಗೊತ್ತಿದ್ದೂ ಗಾಡಿ. ಗೊತ್ತಿದ್ದೇ ಗಾಡಿ. ಇನ್ನೂ ಸ್ವಲ್ಪ ಕಾಣುವಾಗಲೇ.

ಬಾಟಲಿಯನ್ನು ಇದ್ದ ಜಾಗದಲ್ಲೇ ಇಟ್ಟೆ. ಮುಚ್ಚಳದ ದಿಕ್ಕು ಸಮೇತ.

ಸಂಜೆ ಒಂದು ಕೆಲಸ ಮಾಡಿದೆ. ಮಾಡಬಾರದಿತ್ತು. ಇವರು ಹಾಲಿನಲ್ಲಿ ಪೇಪರ್ ಓದುತ್ತಿದ್ದರು. ಸದ್ದಿಲ್ಲದೆ ಬಂದು ಎಡಗಡೆಯ ಕುರ್ಚಿಯಲ್ಲಿ ಕೂತೆ. ಕೈ ಚಾಚಿದರೆ ಭುಜ ಸಿಗುವಷ್ಟು ಹತ್ತಿರ. ಪುಟ ತಿರುಗಿಸಿದರು. ಮೂಗು ಕೆರೆದುಕೊಂಡರು. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದರು—

"ಎಲ್ಲಿದ್ದೀಯಾ? ಸದ್ದೇ ಇಲ್ಲ!"

"ಇಲ್ಲೇ ಇದ್ದೀನಿ" ಎಂದೆ.

ಪೇಪರು ಕೈಯಿಂದ ಜಾರಿತು. ತಲೆ ಪೂರ್ತಿ ತಿರುಗಿಸಿ ನನ್ನನ್ನು ನೋಡಿ, ನಕ್ಕರು. "ಬೆಕ್ಕಿನ ಹಾಗೆ ಬರ್ತೀಯಪ್ಪ ನೀನು."

ನಾನೂ ನಕ್ಕೆ. ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿದೆವು.


ಫೆಬ್ರವರಿ 18, ಬುಧವಾರ

ಸುಳ್ಳು ನನ್ನ ಮನೆಯ ಕಾಂಪೌಂಡ್ ಹಾರಿ ಹೋಗಿದೆ.

ಲ್ಯಾಬಿನಲ್ಲಿರುವಾಗ ವಕೀಲರ ಫೋನು. ಇವರು ಅವರಿಗೆ ಚಾಸಿ ಬಾಗಿದ ವಿಷಯ ಹೇಳಿ ಬೇಡ ಎಂದಿದ್ದಾರೆ. ಅದು ಇನ್ನೊಬ್ಬ ಗಿರಾಕಿಯ ಕಿವಿಗೂ ಬಿದ್ದು ಅವನೂ ಜಾರಿಕೊಂಡಿದ್ದಾನೆ.

"ಮೇಡಂ, ವೆಲ್ಡ್ ಎಲ್ಲಿದೆ ಅಂತ ಹೇಳಿ. ಬೆರಳಿಟ್ಟು ತೋರಿಸಿ. ನಾನು ಸುತ್ತಿ ಬಳಸಿ ಮಾತಾಡೋವನೇ, ಒಪ್ತೀನಿ. ಸುಳ್ಳು ಮಾತ್ರ ಹೇಳಿಲ್ಲ ನಿಮಗೆ."

ನಿಜ. ಅವರು ಹೇಳಿಲ್ಲ.

ಒಂದು ಗಂಟೆಯೊಳಗೆ ಸರ್ವೇಯರ್ ಫೋನು. ದನಿ ಏರಲೇ ಇಲ್ಲ, ಅದೇ ಭಯ.

"ನನ್ನ ಬಾಯಲ್ಲಿ ನೀವು ಮಾತು ಹಾಕಿದ್ದೀರಿ."

"ತಪ್ಪಾಯ್ತು. ಬೇರೆ ದಾರಿ ತೋಚಲಿಲ್ಲ. ಅವರಿಗೆ ಮೊದಲೇ ಗೊತ್ತು, ವರ್ಷದಿಂದ ಗೊತ್ತು. ನಂಗೆ ಹೇಳಿಲ್ಲ. ಈಗ ನಾನಾಗೇ ಹೇಳಿದ್ರೆ..."

"ಹೇಳಿದ್ರೆ?"

"ಮನುಷ್ಯ ಕುಗ್ಗಿ ಹೋಗ್ತಾರೆ."

"ಈಗ ಹಿಗ್ಗಿದ್ದಾರಾ?"

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ನೋಡಿ, ಈಗ ಅವರಿಗೆ ಆ ಗಾಡಿ ಕೆಟ್ಟದು ಅಂತ ನಂಬಿಕೆ. ನಾಳೆ ಇನ್ನೊಂದು ಗಾಡಿ ಹುಡುಕ್ತಾರೆ. ಅದಕ್ಕೂ ಚಾಸಿ ಬಾಗಿಸ್ತೀರಾ? ದಿನಾ ನಿಮ್ಮ ಹಳೇ ಗಾಡಿ ಓಡಿಸ್ಕೊಂಡು ಆಫೀಸಿಗೆ ಹೋಗ್ತಿದ್ದಾರಲ್ಲ, ಅದಕ್ಕೇನು ಮಾಡ್ತೀರಿ? ಶನಿವಾರದೊಳಗೆ ನೀವೇ ಹೇಳಿ. ವಕೀಲರಿಗೆ ಗಾಡಿ ಸರಿಯಿದೆ ಅಂತ ನಾನು ಇವತ್ತೇ ಹೇಳ್ತೀನಿ. ನಿಮ್ಮ ಯಜಮಾನರು ಕೇಳಿದ್ರೆ, ಅವರಿಗೂ ಪೂರ್ತಿ ಹೇಳ್ತೀನಿ."

ನಿನ್ನೆಯಿಂದ ಬೆಳಿಗ್ಗೆ ನನ್ನನ್ನು ಲ್ಯಾಬಿಗೆ ಬಿಟ್ಟು, ಕಾರು ತೆಗೆದುಕೊಂಡು ಹೋಗುತ್ತಾರೆ ಇವರು. ಪಕ್ಕದಲ್ಲಿ ಕೂತು ನಾನು, "ಎಡಗಡೆ ಗುಂಡಿ", "ಎಡಗಡೆ ಬೈಕು" ಎನ್ನುತ್ತೇನೆ. ಸುಮ್ಮನೆ ಮಾತಿಗೆ ಎನ್ನುವ ಹಾಗೆ. ನಾನೇ ಓಡಿಸುತ್ತೇನೆ ಎಂದರೆ, "ನೀನು ಓಡಿಸಿದ್ರೆ ಮಧ್ಯಾಹ್ನಕ್ಕೆ ಮುಟ್ತೀವಿ" ಎನ್ನುತ್ತಾರೆ. ಲ್ಯಾಬಿನಲ್ಲಿ ಇಳಿದ ಮೇಲೆ ಆಫೀಸು ಮುಟ್ಟಿದ ಫೋನು ಬರುವವರೆಗೆ ಸ್ಯಾಂಪಲ್ ಬಾಟಲಿ ಮುಟ್ಟಲು ಕೈ ಬರುವುದಿಲ್ಲ. ದಾರಿಯಲ್ಲಿ ಒಂದು ಸ್ಕೂಲಿದೆ. ಗೇಟು ಎಡಕ್ಕೆ.


ಫೆಬ್ರವರಿ 19, ಗುರುವಾರ

ಕಾರಿನ ಕೀ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಕಳೆದು ಹೋಯಿತು ಎಂದೆ. ಇನ್ನೊಂದು ಕೀ ಅಲಮಾರಿಯಲ್ಲಿದ್ದದ್ದು ಮರೆತೇ ಹೋಗಿತ್ತು. ಇವರು ಮರೆತಿರಲಿಲ್ಲ.


ಫೆಬ್ರವರಿ 20, ಶುಕ್ರವಾರ

ಅತ್ತಿಗೆ ಒಬ್ಬರೇ ಸಿಕ್ಕರು, ತರಕಾರಿ ಅಂಗಡಿಯಲ್ಲಿ. ಮಾವನವರಿಗೆ ಏನಾಗಿತ್ತು ಎಂದು ಕೇಳಿದೆ.

"ಕಣ್ಣು ಹೋಯ್ತು ಕಣೇ. ಪಕ್ಕದಿಂದ ಶುರುವಾಗಿ ನಡುವಿಗೆ ಬಂತು. ಕೊನೆಗೆ ಕೊಳವೆಯಲ್ಲಿ ನೋಡಿದ ಹಾಗೆ ಅಂತಿದ್ರು. ಅಮ್ಮಂಗೆ ಮಾತ್ರ ಹೇಳಲೇ ಇಲ್ಲ. ಅವಳಿಗೂ ಗೊತ್ತಿತ್ತು, ಅವಳೂ ಕೇಳಲಿಲ್ಲ. ಪರಸ್ಪರ ಮರ್ಯಾದೆ!" ಬದನೆಕಾಯಿ ಹಿಸುಕಿ ನೋಡಿ ವಾಪಸು ಇಟ್ಟರು. "ಆ ಮರ್ಯಾದೆ ಇಟ್ಕೊಂಡೇ ಅಪ್ಪ ಒಂದು ದಿನ ಮೆಟ್ಟಿಲ ಮೇಲಿಂದ ಬಿದ್ದಿದ್ದು."

ಆಮೇಲೆ ಮೆಲ್ಲಗೆ, "ಇವನಿಗೂನಾ?" ಎಂದರು.

ತಲೆಯಾಡಿಸಿದೆ. ಅಂಗಡಿಯವನು ಬಾಕಿ ಚಿಲ್ಲರೆ ಹಿಡಿದುಕೊಂಡು ಕಾಯುತ್ತಿದ್ದ.

"ಹೇಳೇ" ಎಂದರು. "ಅವನು ಕೂಗಾಡ್ತಾನೆ, ಕೂಗಾಡ್ಲಿ. ಕೂಗೋವನು ಬೀಳಲ್ಲ."

ನಾಳೆ ಬೆಳಿಗ್ಗೆ, ತಿಂಡಿ ಹೊತ್ತಿಗೆ ಹೇಳುತ್ತೇನೆ. ಮೊದಲು ನನ್ನ ಸುಳ್ಳು, ಆಮೇಲೆ ಅವರದು.


ಫೆಬ್ರವರಿ 21, ಶನಿವಾರ — ಬೆಳಿಗ್ಗೆ ಒಂಬತ್ತೂವರೆ

ತಿಂಡಿಗೆ ಕರೆದರೆ ಮನೆಯಲ್ಲಿಲ್ಲ. ನಾನು ಸ್ನಾನಕ್ಕೆ ಹೋದಾಗ ಹೋಗಿದ್ದಾರೆ. ನಮ್ಮ ಕಾರು ಇದೆ. ಶೂ ಇಲ್ಲ. ಶನಿವಾರ ಶೂ ಹಾಕುವವರಲ್ಲ ಇವರು.

ಫೋನು ರಿಂಗಾಗುತ್ತದೆ, ಎತ್ತುತ್ತಿಲ್ಲ.

ಹತ್ತು ಗಂಟೆ

ವಕೀಲರಿಗೆ ಮಾಡಿದೆ.

"ಬಂದಿದ್ರು. ಹೊರಟ್ರು."

"ಯಾವುದರಲ್ಲಿ?"

"ಗಾಡಿಯಲ್ಲಿ. ಅವರದೇ ಈಗ ಅದು. ವ್ಯವಹಾರ ಎಲ್ಲ ಮುಗೀತು."

"ಓಡಿಸಿದ್ದು ಯಾರು?"

"ಅದು ನನಗೆ ಗೊತ್ತಿಲ್ಲ. ಕೀ ಕೊಟ್ಟು ನಾನು ಒಳಗೆ ಬಂದೆ, ಕಕ್ಷಿದಾರರು ಕಾಯ್ತಿದ್ರು."

"ನೋಡಿ ಹೇಳೋಕಾಗಲ್ವಾ? ದಯವಿಟ್ಟು."

"ಮೇಡಂ, ಹೊರಟು ಹೋಗಿದ್ದಾರೆ. ಶೆಡ್ಡು ಖಾಲಿ."

ಸರ್ವೇಯರ್ ಫೋನೂ ಎತ್ತುತ್ತಿಲ್ಲ.

ಅಲ್ಲಿಂದ ಇಲ್ಲಿಗೆ ಬರುವ ದಾರಿ ನನಗೆ ಬಾಯಿಪಾಠ. ಸೇತುವೆ. ಎಡಕ್ಕೆ ಮಾರ್ಕೆಟ್. ಎಡಕ್ಕೆ ಬಸ್ ಸ್ಟಾಪ್. ಆಮೇಲೆ ಆ ಸ್ಕೂಲು. ಇವತ್ತು ಅರ್ಧ ದಿನ, ಈಗ ಬಿಡುವ ಹೊತ್ತು. ಯಾರಿಗೆ ಫೋನ್ ಮಾಡಲಿ? ಏನಂತ ಹೇಳಲಿ? ನನ್ನ ಗಂಡನಿಗೆ ಕಣ್ಣು ಕಾಣುವುದಿಲ್ಲ, ನಿಮ್ಮ ಮಕ್ಕಳನ್ನು ಒಳಗೇ ಇಟ್ಟುಕೊಳ್ಳಿ ಎಂದೇ? ಇದೊಂದು ವಾಕ್ಯ ಈ ಶನಿವಾರಕ್ಕಿಂತ ಮೊದಲು ಮನೆಯೊಳಗೇ ಹೇಳಿದ್ದರೆ...

ಸುಮ್ಮನೆ ಕೂರಲಾಗುತ್ತಿಲ್ಲ. ಬರೆಯುತ್ತಿದ್ದೇನೆ. ಕಿಟಕಿಯ ಹತ್ತಿರ ಮೇಜು ಎಳೆದುಕೊಂಡಿದ್ದೇನೆ.

ಹತ್ತೂಮುಕ್ಕಾಲು

ಸದ್ದು. ಕೆಳದನಿ, ಗಂಟಲಿನಿಂದ ಬರುವ ಹಾಗೆ. ಕಡುನೀಲಿ. ಗೇಟಿನ ಮುಂದೆ ನಿಂತಿತು, ಅಷ್ಟು ನೇರವಾಗಿ ಇವರು ಯಾವತ್ತೂ ನಿಲ್ಲಿಸಿದವರಲ್ಲ.

ಡ್ರೈವರ್ ಬಾಗಿಲು ತೆರೆಯಿತು. ಇಳಿದದ್ದು ಸರ್ವೇಯರ್. ಕಿಟಕಿಯತ್ತ ನೋಡಿದರು, ನನ್ನನ್ನು ಕಂಡರು. ಕೈ ಎತ್ತಲಿಲ್ಲ. ಬಾಗಿಲು ಹಾಕಲಿಲ್ಲ. ತೆರೆದೇ ಬಿಟ್ಟು, ಪೆಪ್ಪರ್‌ಮಿಂಟಿನ ಕಾಗದ ಜೇಬಿಗೆ ಹಾಕಿಕೊಂಡು, ರಸ್ತೆಯ ತಿರುವಿನ ಕಡೆ ನಡೆದು ಹೋದರು.

ಇವರು ಎಡಗಡೆ ಸೀಟಿನಲ್ಲಿದ್ದಾರೆ. ಬೆಲ್ಟ್ ಬಿಚ್ಚಿಲ್ಲ. ಎದುರಿಗೇ ನೋಡುತ್ತಿದ್ದಾರೆ.

ಕುರ್ಚಿಯಿಂದ ಏಳಲು ಹೋದೆ. ಮೇಜಿನ ಮೇಲೆ ಫೋನು ರಿಂಗಾಯಿತು. ಇವರೇ. ಅಲ್ಲಿಂದಲೇ.

"ನೋಡ್ತಿದ್ದೀಯಾ?"

"ನೋಡ್ತಿದ್ದೀನಿ."

"ಚಾಸಿ ಬಾಗಿಲ್ವಂತೆ."

"ಇಲ್ಲ. ನಾನೇ ಹೇಳಿದ್ದು."

"ಗೊತ್ತು. ಗಾಡಿ ಸರಿಯಿದೆ ಅಂತ ವಕೀಲರು ಹೇಳಿದ್ರು, ಇವತ್ತು ಬೆಳಿಗ್ಗೆ ಸರ್ವೇಯರಮ್ಮನನ್ನೇ ಕರೆಸಿ ಕೇಳಿದೆ. ಎಲ್ಲಾ ಹೇಳಿದ್ರು. ನನಗೆ ಗೊತ್ತಿರೋದನ್ನೇ ಹೇಳಿದ್ರು." ಉಸಿರು ಕೇಳಿಸಿತು. "ಬೇರೆಯವರ ಬಾಯಲ್ಲಿ ಕೇಳೋಕೆ ಬೇರೆ ಥರ ಇರುತ್ತೆ."

"ಯಾಕ್ರೀ ನಂಗೆ ಹೇಳಲಿಲ್ಲ?"

"ಹೇಳಿದ್ರೆ ಆಮೇಲೆ ನೀನು ಓಡಿಸೋಕೆ ಬಿಡ್ತಿರಲಿಲ್ಲ."

"ಬಿಡ್ತಿರಲಿಲ್ಲ."

"ಮತ್ತೆ?" ಎಂದು ನಕ್ಕರು. ಆ ನಗು ನಡುವೆಯೇ ಎಲ್ಲೋ ಸಿಕ್ಕಿಕೊಂಡಿತು. ಇಲ್ಲಿಂದಲೂ ಕಾಣುತ್ತಿತ್ತು, ಕನ್ನಡಕ ತೆಗೆದು ಮುಖ ಒರೆಸಿಕೊಂಡದ್ದು. "ಸ್ಕೂಲ್ ಹತ್ರ ಮಕ್ಕಳು ಎಡಗಡೆಯಿಂದ ಬಂದ್ರು. ಅವರು ನಿಲ್ಲಿಸಿದ್ರು. ಮಕ್ಕಳು ಮುಂದೆ ಬಂದ ಮೇಲೆ ಕಂಡ್ರು ನಂಗೆ. ಎಷ್ಟು ಜನ ಇದ್ರು ಗೊತ್ತಾ... ಸಾಕು. ಇನ್ನು ನಾನು ಮುಟ್ಟಲ್ಲ. ಆದ್ರೆ ಗಾಡಿ ವಾಪಸು ಕೊಡಲ್ಲ."

"ಮತ್ತೆ ಯಾರು ಓಡಿಸ್ತಾರೆ ಇದನ್ನ?"

"ನೀನು ಓಡಿಸಿದ್ರೆ ಸೈಕಲ್ಲೂ ಓವರ್‌ಟೇಕ್ ಮಾಡುತ್ತೆ, ಗೊತ್ತು. ಪರವಾಗಿಲ್ಲ. ನಿಧಾನ ಹೋದ್ರೆ ನಂಗೆ ಜಾಸ್ತಿ ಕಾಣುತ್ತೆ." ಆಮೇಲೆ, ಬಹಳ ಸಾಮಾನ್ಯ ದನಿಯಲ್ಲಿ, ಉಪ್ಪು ಕೇಳುವ ಹಾಗೆ— "ಬರೋವಾಗ ಆ ಡ್ರಾಪ್ಸ್ ತಗೊಂಡು ಬಾ. ಬೆಳಗಿನದು ಹಾಕ್ಕೊಂಡಿಲ್ಲ."

"ಅಲರ್ಜಿದಾ?"

"ಅಲ್ಲ."

ತಿಂಡಿಯ ಹೊತ್ತಿಗೆ ಅವರ ಮುಂದಿಡಲೆಂದು ತೆಗೆದಿದ್ದ ಬಾಟಲಿ ಇಲ್ಲೇ ಇದೆ, ಪುಟದ ಮೇಲೆ, ಗಾಳಿಗೆ ಹಾರದಿರಲಿ ಎಂದು ಇಟ್ಟಿದ್ದೇನೆ. ಈ ಸಾಲೊಂದು ಮುಗಿಸಿ ಏಳುತ್ತೇನೆ. ಡ್ರೈವರ್ ಬಾಗಿಲು ಇನ್ನೂ ತೆರೆದೇ ಇದೆ. ಹಾರ್ನಿಗೆ ಕೈ ಚಾಚುತ್ತಿದ್ದಾರೆ, ಬೆಲ್ಟು ಬಿಡುತ್ತಿಲ್ಲ...

ಬಂದೆ. ಆ ಪೆಡಲಿಗೆ ಚಪ್ಪಲಿ ಆಗುವುದಿಲ್ಲ ಎಂದಿದ್ದರಲ್ಲ. ನನ್ನ ಶೂ ಎಲ್ಲಿ